ಕನ್ನಡ ಮೀಡಿಯಂ ಮಗು ಪಿಯುಸಿಯಲ್ಲಿ ಸೈನ್ಸ್ ತಗೊಳ್ಳಬಹುದಾ?

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ಈ ಪ್ರಶ್ನೆ ಹೊತ್ತು ತರುವ ಅಪ್ಪ ಅಮ್ಮಂದಿರು ತುಂಬಾ ಜನ. “ಮೇಷ್ಟ್ರೇ, ಹುಡುಗಿಗೆ ಸೈನ್ಸ್ ಇಷ್ಟ. ಆದರೆ ಒಂದರಿಂದ ಹತ್ತರವರೆಗೂ ಕನ್ನಡ ಮೀಡಿಯಂ. ಕಾಲೇಜಲ್ಲಿ ಎಲ್ಲಾ ಇಂಗ್ಲಿಷಂತೆ. ಫೇಲಾಗಿಬಿಟ್ರೆ? ಸುಮ್ನೆ ಆರ್ಟ್ಸಿಗೆ ಹಾಕಿಬಿಡೋಣ್ವಾ?”

ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ) ಶಿಕ್ಷಕ. ನನ್ನ ಉತ್ತರ ಇಷ್ಟೇ: ಇಷ್ಟ ಇದ್ದರೆ ಸೈನ್ಸಿಗೇ ಸೇರಿಸಿ. ಆರ್ಟ್ಸ್ ಒಳ್ಳೆಯ ದಾರಿ, ಆದರೆ ಅದು ಇಷ್ಟಪಟ್ಟು ಹೋಗುವವರಿಗೆ. ಇಂಗ್ಲಿಷಿಗೆ ಹೆದರಿ ಹೋಗುವ ಜಾಗ ಅದಲ್ಲ. ಇನ್ನೂ ಒಂಬತ್ತು, ಹತ್ತರಲ್ಲಿ ಮಕ್ಕಳಿರುವವರು ಈಗಿನಿಂದಲೇ ತಯಾರಿ ಶುರು ಮಾಡಬೇಕು.

ತಯಾರಿ ಅಂದ ತಕ್ಷಣ ಬೇಸಿಗೆ ರಜೆಯಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ದುಡ್ಡು ಕಟ್ಟುತ್ತಾರೆ. ಮಾತಾಡುವ ಧೈರ್ಯ ಬರುತ್ತದೆ, ಅದು ಬೇಡ ಅನ್ನುವುದಿಲ್ಲ. ಆದರೆ ಫಿಸಿಕ್ಸ್ ಪುಸ್ತಕದ ಇಂಗ್ಲಿಷೇ ಬೇರೆ. ಅಲ್ಲಿ ವ್ಯಾಕರಣ ಕಷ್ಟವಿಲ್ಲ. ವಾಕ್ಯಗಳ ಧಾಟಿ ಹೆಚ್ಚುಕಡಿಮೆ ಒಂದೇ. ಫೈಂಡ್, ಕ್ಯಾಲ್ಕುಲೇಟ್, ಡಿರೈವ್ ತರಹದ ಪದಗಳೇ ಮತ್ತೆ ಮತ್ತೆ ಬರುತ್ತವೆ. ಮಗು ಎಡವುವುದು ವಿಷಯದ ಪದಗಳಲ್ಲಿ. ವಿಭವಾಂತರ ಅಂದರೆ ಚೆನ್ನಾಗಿ ಗೊತ್ತು, ಪೊಟೆನ್ಷಿಯಲ್ ಡಿಫರೆನ್ಸ್ ಅಂದರೆ ಗೊತ್ತಿಲ್ಲ. ವೇಗೋತ್ಕರ್ಷ ಗೊತ್ತು, ಆಕ್ಸಲರೇಶನ್ ಗೊತ್ತಿಲ್ಲ. ವಿಷಯ ತಲೆಯಲ್ಲಿದೆ, ಹೆಸರು ಮಾತ್ರ ಹೊಸದು.

ಇದಕ್ಕೆ ಒಂದು ಪೈಸೆ ಖರ್ಚಿಲ್ಲದ ದಾರಿ ಇದೆ. ನಮ್ಮ ಹೈಸ್ಕೂಲಿನ ಗಣಿತ, ವಿಜ್ಞಾನದ ಪುಸ್ತಕಗಳು ಎನ್‌ಸಿಇಆರ್‌ಟಿ (ಕೇಂದ್ರದ ಪಠ್ಯಪುಸ್ತಕ ಸಂಸ್ಥೆ) ಪುಸ್ತಕಗಳ ಕನ್ನಡ ರೂಪ. ಇಂಗ್ಲಿಷ್ ಮೀಡಿಯಂ ಮಕ್ಕಳ ಪುಸ್ತಕದಲ್ಲೂ ಅದೇ ಪಾಠ, ಅದೇ ಚಿತ್ರ, ಅದೇ ಲೆಕ್ಕ. ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಎರಡೂ ಪಿಡಿಎಫ್ ಉಚಿತವಾಗಿ ಸಿಗುತ್ತವೆ. ಕ್ಲಾಸಿನಲ್ಲಿ ಓಮ್‌ನ ನಿಯಮ ಮುಗಿಯಿತಾ? ಮನೆಯಲ್ಲಿ ಅದೇ ಪುಟವನ್ನು ಇಂಗ್ಲಿಷಿನಲ್ಲಿ ಓದಿಸಿ. ಏನು ಬರೆದಿದೆ ಅಂತ ಮಗುವಿಗೆ ಮೊದಲೇ ಗೊತ್ತಿರುತ್ತದೆ, ಹಾಗಾಗಿ ಪದಗಳಿಗೆ ಹೆದರುವುದಿಲ್ಲ. ದಿನಕ್ಕೆ ಒಂದೇ ಪುಟ, ಒಂದೇ ಲೆಕ್ಕ ಸಾಕು. ಲೆಕ್ಕವನ್ನು ಇಂಗ್ಲಿಷಿನಲ್ಲೇ ಬರೆಯಲಿ. ಪಿಯು ಸೈನ್ಸಿನಲ್ಲೂ ಎನ್‌ಸಿಇಆರ್‌ಟಿ ಪುಸ್ತಕಗಳೇ ಇರುವುದರಿಂದ ಅಲ್ಲಿ ಧಾಟಿ ಹೊಸದು ಅನ್ನಿಸುವುದಿಲ್ಲ. ಮೊದಲು ಕನ್ನಡದಲ್ಲಿ ಅರ್ಥವಾಗಿರಬೇಕು, ಅದು ಮುಖ್ಯ. ಅರ್ಥವಾಗದೆ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದರೆ ಎರಡೂ ಹೋಗುತ್ತದೆ.

ಇಷ್ಟು ಮಾಡಿದರೂ ಫಸ್ಟ್ ಪಿಯುಸಿಯ ಮೊದಲ ತಿಂಗಳುಗಳು ಕಷ್ಟವೇ. ಮೊದಲ ಟೆಸ್ಟಿನಲ್ಲಿ ಹತ್ತೋ ಹನ್ನೆರಡೋ ಅಂಕ ಬಂದು ಮಕ್ಕಳು ಅಳುತ್ತಾ ನನ್ನ ಹತ್ತಿರ ಬರುತ್ತಾರೆ. “ಇಂಗ್ಲಿಷ್ ಅರ್ಥ ಆಗಲ್ಲ ಸರ್” ಅನ್ನುತ್ತಾರೆ. ನೋಟ್ಸ್ ತೆಗೆಸಿ ನೋಡಿದರೆ ಎಷ್ಟೋ ಸಲ ತೊಂದರೆ ಇಂಗ್ಲಿಷಿನದ್ದಲ್ಲ. ಫಿಸಿಕ್ಸಿನಲ್ಲಿ ಚಲನೆಯ ಪಾಠ ಶುರುವಿನಲ್ಲೇ ಬರುತ್ತದೆ, ಅದರಲ್ಲಿ ಡೆರಿವೇಟಿವ್, ಅಂದರೆ ಒಂದು ಅಳತೆ ಎಷ್ಟು ಬೇಗ ಬದಲಾಗುತ್ತದೆ ಅನ್ನುವ ಲೆಕ್ಕ, ಬೇಕು. ಆದರೆ ಗಣಿತದ ಪುಸ್ತಕದಲ್ಲಿ ಡೆರಿವೇಟಿವ್ ಪಾಠ ಇರುವುದು ಕೊನೆಯ ಕಡೆ. ಅದು ಇಂಗ್ಲಿಷ್ ಮೀಡಿಯಂ ಮಕ್ಕಳಿಗೂ ಅರ್ಥವಾಗಿರುವುದಿಲ್ಲ! ಪಕ್ಕದ ಬೆಂಚಿನವರು ಸುಮ್ಮನೆ ತಲೆಯಾಡಿಸುತ್ತಾರೆ, ನಮ್ಮ ಮಗು ಮಾತ್ರ ನನಗೇ ಬರಲ್ಲ ಅಂದುಕೊಳ್ಳುತ್ತದೆ. ಇದನ್ನು ಮಗುವಿಗೆ ಬಿಡಿಸಿ ಹೇಳಬೇಕು. ಗೊತ್ತಾಗದ್ದನ್ನು ಲೆಕ್ಚರರ್ ಹತ್ತಿರ ಕನ್ನಡದಲ್ಲೇ ಕೇಳಲಿ, ಅದರಲ್ಲಿ ನಾಚಿಕೆ ಯಾಕೆ? ದಸರಾ ರಜೆಯವರೆಗೆ ಕಾಂಬಿನೇಶನ್ ಬದಲಿಸುವ ಮಾತು ಎತ್ತಬೇಡಿ. ಆಮೇಲೆ ಸಾಮಾನ್ಯವಾಗಿ ಕಿವಿ ಪಳಗುತ್ತದೆ.

ಮೆಡಿಕಲ್ ಸೀಟಿನ ನೀಟ್ ಪರೀಕ್ಷೆ ಬಗ್ಗೆಯೂ ಕೇಳುತ್ತಾರೆ. ಅದನ್ನು ಕನ್ನಡ ಆರಿಸಿಕೊಂಡೂ ಬರೆಯಬಹುದು, ಪ್ರಶ್ನೆಪತ್ರಿಕೆಯಲ್ಲಿ ಜೊತೆಗೆ ಇಂಗ್ಲಿಷೂ ಇರುತ್ತದೆ. ಇಂಜಿನಿಯರಿಂಗ್‌ಗೆ ಸಿಇಟಿ (ರಾಜ್ಯದ ಪ್ರವೇಶ ಪರೀಕ್ಷೆ) ರ‍್ಯಾಂಕಿನಲ್ಲಿ ದ್ವಿತೀಯ ಪಿಯು ಅಂಕಕ್ಕೆ ಅರ್ಧ ಪಾಲು, ಸಿಇಟಿ ಅಂಕಕ್ಕೆ ಅರ್ಧ ಪಾಲು. ಹಾಗಾಗಿ ಬರೀ ಕೋಚಿಂಗ್ ಹಿಂದೆ ಓಡಿ ಕಾಲೇಜಿನ ಪಾಠ ಬಿಡಬಾರದು. ಸೈನ್ಸ್ ಇಷ್ಟ, ಪಿಯುಸಿ ಬೇಡ ಅನ್ನುವವರಿಗೆ 3 ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ ಇದೆ. ಅದು ಮುಗಿಸಿ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದರೆ ನೇರವಾಗಿ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು.

ಇನ್ನು ಕಾಗದಪತ್ರ. ಸಿಇಟಿ ಸೀಟಿನಲ್ಲಿ ಒಂದರಿಂದ ಹತ್ತರವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಶೇ. 5, ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಶೇ. 15 ಮೀಸಲಾತಿ ಇದೆ. ಪೂರ್ತಿ 10 ವರ್ಷ ಲೆಕ್ಕ. ಎಂಟನೇ ಕ್ಲಾಸಿಗೆ ಇಂಗ್ಲಿಷ್ ಮೀಡಿಯಂಗೆ ಹಾಕಿದರೆ ಆ ಶೇ. 5 ಸಿಗುವುದಿಲ್ಲ. ಈ ಎರಡೂ ಮೀಸಲಾತಿಗೆ ವ್ಯಾಸಂಗ ಪ್ರಮಾಣಪತ್ರ ಬೇಕು, ಅದಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಬೇಕು. ಐದನೇ ಕ್ಲಾಸು ಒಂದೂರು, ಏಳನೇ ಕ್ಲಾಸು ಇನ್ನೊಂದೂರು ಆಗಿದ್ದರೆ ಪ್ರತಿ ಶಾಲೆಗೂ ಹೋಗಿ ತರಬೇಕು. ಸಿಇಟಿ ಅರ್ಜಿ ಹಾಕುವ ಗಡಿಬಿಡಿಯಲ್ಲಿ ಇದು ಆಗುವ ಕೆಲಸವಲ್ಲ. ನಮ್ಮ ಶಾಲೆಗೆ ಟಿಸಿಗೆ ಬಂದ ದಿನವೇ ಕೇಳಿ, ಬರೆದುಕೊಡುತ್ತೇವೆ. ಹಾಗೇ ಆಧಾರ್‌ನಲ್ಲೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೂ ಹೆಸರು, ಇನಿಶಿಯಲ್ ಒಂದೇ ತರಹ ಇದೆಯಾ ಅಂತ ಅವತ್ತೇ ನೋಡಿಕೊಳ್ಳಿ.