ಬೇಕಲ ಕೋಟೆ ಮಾಡೆಲ್: ಐದನೇ ವಾರ

ಶತ್ರುವಿನ ಮೇಲೆ ಗುಂಡು ಹಾರಿಸಲು ಗೋಡೆಯಲ್ಲಿ ಬಿಟ್ಟ ಕಿಂಡಿಗಳು ಕೊನೆಗೂ ಸರಿಯಾದವು. ಮೂರು ಭಾನುವಾರ ಇದಕ್ಕೇ ಹೋಯಿತು.

ನಾನು ಮಾಡುತ್ತಿರುವುದು ಕಾಸರಗೋಡಿನ ಬೇಕಲ ಕೋಟೆಯ ಕಾವಲು ಬುರುಜು ಮತ್ತು ಸಮುದ್ರದ ಬದಿಯ ಒಂದು ತುಂಡು ಗೋಡೆ ಮಾತ್ರ. ಐದು ಅಡಿಗೆ ಒಂದು ಇಂಚಿನ ಲೆಕ್ಕ. ಕೋಟೆ ಸುಮಾರು 40 ಎಕರೆ ಇದೆ. ಪೂರ್ತಿ ಮಾಡಲು ಹೊರಟರೆ 22 ಅಡಿ ಉದ್ದಗಲದ ಜಾಗ ಬೇಕು, ನಮ್ಮ ಚಾವಡಿ ಅಷ್ಟು ದೊಡ್ಡದಿಲ್ಲ. ಬುರುಜಿನ ಎತ್ತರ 30 ಅಡಿ, ಬುಡದ ಸುತ್ತಳತೆ 80 ಅಡಿ. ಹಾಗಾಗಿ ನನ್ನದು 6 ಇಂಚು ಎತ್ತರ, 16 ಇಂಚು ಸುತ್ತಳತೆ. ಅದು ಹೋದ ತಿಂಗಳೇ ಮುಗಿದಿದೆ.

ಕಿಂಡಿಗಳನ್ನು ಮೊದಲು ಥರ್ಮಾಕೋಲ್‌ನಲ್ಲಿ ನೇರವಾಗಿ ಕೊರೆದಿದ್ದೆ. ನೋಡಲು ಚೆನ್ನಾಗಿತ್ತು, ಆದರೆ ತಪ್ಪು. ಕೋಟೆಗೆ ಹೋಗಿ ಮೊಣಕಾಲೂರಿ ಒಂದೊಂದರಲ್ಲೂ ಕಣ್ಣಿಟ್ಟು ನೋಡಿದೆ. ಮೇಲಿನದರಲ್ಲಿ ದೂರದ ಕಡಲು ಕಾಣುತ್ತದೆ. ಅದರ ಕೆಳಗಿನದರಲ್ಲಿ ಇನ್ನೂ ಹತ್ತಿರದ ಜಾಗ. ಎಲ್ಲಕ್ಕಿಂತ ಕೆಳಗಿನದರಲ್ಲಿ ಗೋಡೆಯ ಬುಡ ಮಾತ್ರ. ಶತ್ರು ದೂರ ಇದ್ದಾಗ ಒಂದು, ಹತ್ತಿರ ಬಂದಾಗ ಒಂದು, ಬುಡಕ್ಕೇ ಬಂದು ನಿಂತರೆ ಇನ್ನೊಂದು. 1650ರ ಸುಮಾರಿಗೆ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಕೋಟೆ ಇದು. ಎಷ್ಟು ಸಲ ಬಂದಿದ್ದೇನೋ, ಇಷ್ಟು ದಿನ ಬರೀ ಸೂರ್ಯಾಸ್ತ ನೋಡಿ ಹೋಗುತ್ತಿದ್ದೆ.

ಮನೆಗೆ ಬಂದು ಹಳೆಯ ಕೊಡೆಕಡ್ಡಿಯನ್ನು ಮೇಣದಬತ್ತಿಯಲ್ಲಿ ಕಾಯಿಸಿ, ಮೂರು ಓರೆಯಲ್ಲಿ ಮತ್ತೆ ಕೊರೆದೆ. ಅಕ್ಕನ ಮಗಳು ಕೆಳಗಿನ ಕಿಂಡಿಯಲ್ಲಿ ನೋಡಿ, "ಮಾವ, ಇದ್ರಲ್ಲಿ ಸಮುದ್ರವೇ ಕಾಣೋದಿಲ್ಲ!" ಅಂದಳು. ಕಾಣಬಾರದು, ಅಲ್ವಾ!

ಬಣ್ಣ ಹಚ್ಚಿಲ್ಲ. ಪಕ್ಕದ ಮನೆಯ ಕಂಪೌಂಡ್ ಕಟ್ಟಿದಾಗ ಉಳಿದ ಮುರಕಲ್ಲಿನ ಚೂರು ಕುಟ್ಟಿ, ಜರಡಿ ಹಿಡಿದು, ಅಂಟಿನಲ್ಲಿ ಕಲಸಿ ಮೆತ್ತಿದೆ. ಅಂಟು ಜಾಸ್ತಿಯಾದ ಮೊದಲ ಪದರ ಒಣಗಿ ಬಿರುಕು ಬಿಟ್ಟಿತು. ಈಗ ಅಂಟು ತೆಳ್ಳಗೆ ಸವರಿ, ಪುಡಿಯನ್ನು ಮೇಲಿಂದ ಉದುರಿಸುತ್ತೇನೆ. ಕೋಟೆಯ ಕಲ್ಲಿನದೇ ಕೆಂಪು ಬಂತು.

ಅಡಿಹಲಗೆಯಲ್ಲಿ ಒಂದು ಸಾಲು ಬರೆಯಬೇಕು. ಕೆಳದಿ, 1763ರ ನಂತರ ಹೈದರಾಲಿ, ಟಿಪ್ಪು, ಈಸ್ಟ್ ಇಂಡಿಯಾ ಕಂಪನಿ ಎಂದಷ್ಟೇ ಸಾಕು ಅಂದುಕೊಂಡಿದ್ದೆ. ಆದರೆ ಕಾಸರಗೋಡು ತಾಲೂಕು ಆಗುವ ಮೊದಲು ಈ ಪ್ರದೇಶ ದಕ್ಷಿಣ ಕನ್ನಡದ ಬೇಕಲ ತಾಲೂಕು ಆಗಿತ್ತು. ಅದನ್ನೂ ಸೇರಿಸುತ್ತೇನೆ.

ಬುರುಜು ಹತ್ತುವ ಇಳಿಜಾರು ದಾರಿ ಬಾಕಿ ಇದೆ. ಅಗಲ ಅಳೆಯಲು ಮುಂದಿನ ಭಾನುವಾರ ಟೇಪ್ ಹಿಡಿದು ಹೋಗುತ್ತೇನೆ.