ತೊಂಬತ್ತೊಂದರ ಅಜ್ಜನಿಗೆ ಎಷ್ಟು ಸ್ಟಾರ್?

ನಾನಿರುವ, ಟೆಕ್ಸಸ್ ರಾಜ್ಯದ ಆಸ್ಟಿನ್‌ನಲ್ಲಿ ಅಮೆರಿಕದ ಹಳ್ಳಿಗಾಡಿನ ‘ಕಂಟ್ರಿ’ ಸಂಗೀತದ ಗಾಯಕ ವಿಲ್ಲಿ ನೆಲ್ಸನ್ ಅವರ ಹೊಸ ಆಲ್ಬಮ್ ಬಂದರೆ ಯಾರೂ ಹೌಹಾರುವುದಿಲ್ಲ. ವರ್ಷಕ್ಕೆ ಒಂದೋ ಎರಡೋ ಬರುತ್ತಲೇ ಇರುತ್ತವೆ. ಟೆಕ್ಸಸ್ ಮಂತ್ಲಿ ಪತ್ರಿಕೆಯವರು ಅಷ್ಟನ್ನೂ ಕೇಳಿ ರ‍್ಯಾಂಕ್ ಹಚ್ಚಿದ ಪಟ್ಟಿ ಈಗ ನೂರೈವತ್ತು ದಾಟಿದೆ! ಪೇಟೆಯ ಒಂದು ರಸ್ತೆಗೆ ಅವರದೇ ಹೆಸರು. ಗಿಟಾರ್ ಹಿಡಿದ ಅವರ ಕಂಚಿನ ಪ್ರತಿಮೆಯೂ 2012ರಿಂದ ಅಲ್ಲೇ ಇದೆ.

2024ರ ನವೆಂಬರ್‌ನಲ್ಲಿ ‘ಲಾಸ್ಟ್ ಲೀಫ್ ಆನ್ ದ ಟ್ರೀ’ ಬಂದಾಗ ಅವರಿಗೆ 91. ನಿರ್ಮಾಪಕ ಮಗ ಮೈಕಾ. ಆರಿಸಿಕೊಂಡದ್ದು ಟಾಮ್ ವೇಟ್ಸ್, ಬೆಕ್, ನೀಲ್ ಯಂಗ್, ಫ್ಲೇಮಿಂಗ್ ಲಿಪ್ಸ್ ಮುಂತಾದವರ ಹಾಡುಗಳನ್ನು, ಬಹುಪಾಲು ಕಂಟ್ರಿಯ ಬೇಲಿಯಾಚೆಯವು. ವಿಮರ್ಶಕರು ಹೊಗಳಿದರು. ಆ ಹೊಗಳಿಕೆಯ ಧಾಟಿ ನನಗೆ ಹಿಡಿಸಲಿಲ್ಲ. ‘ಈ ವಯಸ್ಸಿನಲ್ಲೂ’ ಎಂಬ ಬೆರಗಿನಿಂದ ಹೊರಟು, ಮುಪ್ಪು, ಸಾವು, ವಿದಾಯ ಎಂದು ಸುತ್ತಿ ಬಂದು ಮುಗಿಸಿಬಿಡುತ್ತಾರೆ. ಹಾಡುಗಳ ವಸ್ತು ಅದೇ ಇರಬಹುದು, ಒಪ್ಪೋಣ. ಹಾಡಿದ್ದು ಹೇಗೆ ಎಂದು ಹೇಳಬೇಕಲ್ಲ?

ದನಿ ತೆಳುವಾಗಿದೆ, ಉಸಿರು ಬೇಗ ಮುಗಿಯುತ್ತದೆ. ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅವರ ವಿದ್ಯೆ ಎಂದೂ ಬರೀ ಕಂಠದ್ದಾಗಿರಲಿಲ್ಲ. ತಾಳ ಮುಂದೆ ಹೋಗಲೆಂದು ಬಿಟ್ಟು, ಸಾಲನ್ನು ಹಿಂದೆ ತಡೆದು, ನಡುವೆ ಎರಡು ಪದ ಮಾತಾಡಿದಂತೆ ಹೇಳಿ, ಇನ್ನೇನು ತಪ್ಪಿತು ಅನ್ನುವಾಗ ಬಂದು ಸೇರಿಕೊಳ್ಳುತ್ತಾರೆ. ಮಲ್ಲಿಕಾರ್ಜುನ ಮನ್ಸೂರರ ಇಳಿವಯಸ್ಸಿನ ಧ್ವನಿಮುದ್ರಿಕೆಗಳನ್ನು ಕೇಳಿದವರಿಗೆ ಈ ಸುಖವನ್ನು ಬಿಡಿಸಿ ಹೇಳಬೇಕಿಲ್ಲ. ಜೊತೆಗೆ ಟ್ರಿಗರ್ ಎಂಬ ಆ ಗಿಟಾರ್, 1969ರಿಂದ ಬಾರಿಸಿ ಬಾರಿಸಿ ಮೈಯಲ್ಲಿ ತೂತೇ ಬಿದ್ದಿರುವಂಥದ್ದು. ಅದೂ ಹಾಗೆಯೇ ತಡವರಿಸುತ್ತ ಬಂದು ಸರಿಯಾದ ಜಾಗಕ್ಕೇ ಬೀಳುತ್ತದೆ.

ಎಲ್ಲರೂ ಮೆಚ್ಚಿದ ‘ವೃದ್ಧಾಪ್ಯದ ಸರಳತೆ’ಯ ಕತೆ ಇನ್ನೂ ತಮಾಷೆ. 1975ರಲ್ಲಿ, ನಲವತ್ತು ದಾಟಿದ ಹೊಸದರಲ್ಲಿ, ‘ರೆಡ್ ಹೆಡೆಡ್ ಸ್ಟ್ರೇಂಜರ್’ ಆಲ್ಬಮ್ ಮುಗಿಸಿ ಕೊಟ್ಟಾಗ ಕೊಲಂಬಿಯಾ ಕಂಪನಿಯವರಿಗೆ ಅದು ಬರೀ ಡೆಮೊ, ಅಂದರೆ ಕಚ್ಚಾ ಮಾದರಿ, ಅನ್ನಿಸಿತ್ತು. ನ್ಯಾಶ್‌ವಿಲ್ ಎಂಬ ಕಂಟ್ರಿ ಸಂಗೀತದ ರಾಜಧಾನಿಯ ಶೈಲಿಯ ಪಿಟೀಲುಗಳ ದಂಡಿಲ್ಲ, ಹಿನ್ನೆಲೆ ಗಾಯಕರಿಲ್ಲ. ಗಿಟಾರ್, ಅಕ್ಕ ಬಾಬಿಯ ಪಿಯಾನೊ, ಹಾರ್ಮೋನಿಕಾ, ಅಷ್ಟಿಷ್ಟು ತಾಳ. ಕರಾರಿನಲ್ಲಿ ಗಾಯಕರ ಮಾತೇ ಕೊನೆ ಎಂದಿದ್ದರಿಂದ ಕಂಪನಿ ಕೈ ಹಾಕಲಾಗಲಿಲ್ಲ. ಗಾಯಕರಾಗಿ ಅವರಿಗೆ ಕಂಟ್ರಿ ಪಟ್ಟಿಯ ಮೊದಲ ನಂಬರ್ ಒನ್ ತಂದುಕೊಟ್ಟದ್ದು ಅದೇ ಆಲ್ಬಮ್‌ನ ಹಾಡು. ಅಂದು ಬೋಳು ಬೋಳು ಎನಿಸಿದ್ದಕ್ಕೇ ಇಂದು ಮುಪ್ಪಿನ ಪ್ರಸಾದವೆಂದು ಹೆಸರು.

ಅತ್ಯುತ್ತಮ ಕಂಟ್ರಿ ಆಲ್ಬಮ್ ಎಂದು ಗ್ರ್ಯಾಮಿ ಪ್ರಶಸ್ತಿ ಸಿಕ್ಕಿದ್ದು ಇದಕ್ಕೂ ಮೊದಲು, 89ನೇ ಹುಟ್ಟುಹಬ್ಬದಂದೇ ಹೊರಬಂದ ‘ಎ ಬ್ಯೂಟಿಫುಲ್ ಟೈಮ್’ಗೆ. ಅಚ್ಚುಕಟ್ಟಾಗಿದೆ ಅದು, ನನ್ನ ಕಿವಿಗೆ ತುಸು ಹೆಚ್ಚೇ ಅಚ್ಚುಕಟ್ಟು. ‘ಲಾಸ್ಟ್ ಲೀಫ್’ನಲ್ಲಿ ಮಗ ಸುತ್ತ ಜಾಗ ಬಿಟ್ಟಿದ್ದಾನೆ, ಅಪ್ಪ ಎಳೆದಾಡಲು ಬೇಕಾದ್ದೂ ಅದೇ.

2025ರ ಏಪ್ರಿಲ್‌ನಲ್ಲಿ ಮತ್ತೊಂದು ಬಂತು, ಪೂರಾ ರಾಡ್ನಿ ಕ್ರೋವೆಲ್ ಅವರ ಹಾಡುಗಳದ್ದು. ಆಗಲೇ ವಿದಾಯ ಹೇಳಿ ಮುಗಿಸಿದ್ದವರು ಆರು ತಿಂಗಳೊಳಗೆ ಇನ್ನೊಂದು ವಿಮರ್ಶೆ ಬರೆಯಬೇಕಾಯಿತು.