ಮುದ್ದುವಿನ ಒಂದು ದಿನದ ಲೆಕ್ಕ

ನಮ್ಮದು ಮಂಗಳೂರು. ಮನೆಯಲ್ಲಿ ಮುದ್ದು ಅಂತ ನಾಲ್ಕು ವರ್ಷದ ಗಂಡು ಬೆಕ್ಕಿದೆ, ಮಕ್ಕಳಾಗದ ಹಾಗೆ ಆಪರೇಷನ್ ಆಗಿದೆ. ಮಳೆಗಾಲಕ್ಕೆ ಮುಂಚೆ ರೇಬೀಸ್ ಇಂಜೆಕ್ಷನ್‌ಗೆ ಕರೆದುಕೊಂಡು ಹೋದಾಗ ತೂಕ 5.4 ಕೆಜಿ ಬಂತು. ಡಾಕ್ಟರು ನನ್ನ ಕೈ ಚಾಚಲು ಹೇಳಿ, ಹಿಂಗೈ ಮೇಲೆ ಬೆರಳು ಆಡಿಸಿ ನೋಡಿ ಅಂದರು. ಚರ್ಮದ ಕೆಳಗೆ ಮೂಳೆ ಸಿಗುತ್ತಲ್ವಾ, ಬೆಕ್ಕಿನ ಪಕ್ಕೆಲುಬೂ ಹಾಗೆ ಕೈಗೆ ಸಿಗಬೇಕಂತೆ. ಮುದ್ದುವಿನ ಪಕ್ಕೆ ಮುಟ್ಟಿದೆ. ಹೆಬ್ಬೆರಳ ಬುಡದ ಮಾಂಸದ ಹಾಗೆ ಮೆತ್ತಗಿತ್ತು.

"ಇವನು 4 ಕೆಜಿ ಇದ್ದರೆ ಸಾಕು. ದಿನಕ್ಕೆ ಎಷ್ಟು ಹಾಕ್ತೀರಿ?"

"ಬೆಳಗ್ಗೆ ಒಂದು ಹಿಡಿ, ರಾತ್ರಿ ಒಂದು ಹಿಡಿ."

"ಹಿಡಿ ಅಂದ್ರೆ ಎಷ್ಟು ಗ್ರಾಂ?"

ಗೊತ್ತಿರಲಿಲ್ಲ. ಅದು ಮನಸ್ಸಿಗೆ ಚುಚ್ಚಿತು. ಅಕ್ಕಿ, ಬೇಳೆ, ಅತ್ತೆಯ ಶುಗರ್ ಮಾತ್ರೆ, ಎಲ್ಲದಕ್ಕೂ ನನ್ನ ಹತ್ತಿರ ಅಳತೆ ಇದೆ, ಇವನ ಹೊಟ್ಟೆಗೆ ಮಾತ್ರ ಇಲ್ಲ.

ಆ ಭಾನುವಾರ ಕೇಕ್‌ಗೆ ಅಂತ ತಂದಿದ್ದ ತಕ್ಕಡಿಯನ್ನು ಅಡುಗೆಮನೆ ಕಟ್ಟೆ ಮೇಲಿಟ್ಟು, ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟು, ಮುದ್ದುವಿನ ಬಾಯಿಗೆ ಹೋಗುವುದೆಲ್ಲ ಬರೆದಿಡಬೇಕು ಅಂತ ಮನೆಯವರಿಗೆಲ್ಲ ಹೇಳಿದೆ. ನನ್ನ ಎರಡು ಹಿಡಿ ಸೇರಿ 50 ಗ್ರಾಂ ಒಣ ಆಹಾರ. ಮಧ್ಯಾಹ್ನ ಮಗಳು ತಟ್ಟೆ ಖಾಲಿ ಅಂತ ಇನ್ನೂ 22 ಗ್ರಾಂ ಹಾಕಿದಳು. ಪಕ್ಕದ ಮನೆ ಬಾಯಮ್ಮ ಬಟ್ಟಲಲ್ಲಿ ಹಾಲು ಕೊಡುತ್ತಾರೆ ಅಂತ ನನಗೆ ಗೊತ್ತಾದದ್ದೇ ಅವತ್ತು, ಅದು ಸುಮಾರು 100 ಮಿಲಿ. ಹನ್ನೊಂದು ಗಂಟೆಗೆ ಅತ್ತೆ ಮೆಟ್ಟುಕತ್ತಿ ಮುಂದೆ ಬೂತಾಯಿ ಕೊಯ್ಯಲು ಕೂತರು. ಮುದ್ದು ಅವರ ಸೀರೆಗೆ ತಲೆ ಉಜ್ಜುತ್ತಾ ಕೂಗಲು ಶುರು ಮಾಡಿದ.

"ಪಾಪ ಮಾರಾಯ್ತಿ, ಎಷ್ಟು ಹೊತ್ತಿನಿಂದ ಕೂಗ್ತಾ ಉಂಟು," ಅಂತ ಎರಡು ಮೀನು ತಳ್ಳಿದರು. 60 ಗ್ರಾಂ.

ರಾತ್ರಿ ಕೂತು ಕೂಡಿಸಿದೆ. ಒಣ ಆಹಾರದ ಪ್ಯಾಕೆಟ್ ಮೇಲೆ 100 ಗ್ರಾಂಗೆ 380 ಕ್ಯಾಲೊರಿ ಅಂತಿತ್ತು. 72 ಗ್ರಾಂಗೆ 274, ಹಾಲಿಗೆ 65ರ ಆಸುಪಾಸು, ಮೀನಿಗೆ ನೂರರಷ್ಟು. ಹತ್ತಿರ ಹತ್ತಿರ 440.

ಬೇಕಾಗಿರುವುದು ಎಷ್ಟು ಅನ್ನುವ ಲೆಕ್ಕವನ್ನು ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಫೋನಲ್ಲೇ ಮಾಡಬಹುದು. 4 ಇಂಟು 4 ಇಂಟು 4, ಅಂದರೆ 64. ವರ್ಗಮೂಲದ ಗುಂಡಿ ಎರಡು ಸಲ ಒತ್ತಿದರೆ 2.83. ಅದನ್ನು 70ರಿಂದ ಗುಣಿಸಿದರೆ 198. ಇದು 4 ಕೆಜಿ ಬೆಕ್ಕು ಸುಮ್ನೆ ಮಲಗಿದ್ದರೂ ಬೇಕಾಗುವ ಕ್ಯಾಲೊರಿ. ಆಪರೇಷನ್ ಆದ, ತೂಕ ಸರಿಯಿರುವ ಬೆಕ್ಕಿಗೆ ಇದರ 1.2 ಪಟ್ಟು. ಇವನು ಇಳಿಯಬೇಕಲ್ಲ, ಹಾಗಾಗಿ 200ರಲ್ಲಿ ನಿಲ್ಲಿಸಿ ಅಂದಿದ್ದರು. ನಾವು ಅದರ ಎರಡು ಪಟ್ಟಿಗಿಂತ ಜಾಸ್ತಿ ಕೊಡುತ್ತಿದ್ದೆವು. ನಾನು ಮಾಡುತ್ತಿದ್ದ ಇನ್ನೊಂದು ತಪ್ಪೂ ಆಗ ಗೊತ್ತಾಯಿತು. ಪ್ಯಾಕೆಟ್‌ನ ಪಟ್ಟಿಯಲ್ಲಿ ಅವನ ಈಗಿನ ತೂಕದ ಸಾಲು ನೋಡುತ್ತಿದ್ದೆ, ಇರಬೇಕಾದ ತೂಕದ್ದಲ್ಲ.

ಒಂದೇ ಸಲ ಕಡಿಮೆ ಮಾಡಬೇಡಿ, ಉಪವಾಸವಂತೂ ಬೇಡವೇ ಬೇಡ ಅಂತ ಡಾಕ್ಟರು ಎರಡು ಸಲ ಹೇಳಿದ್ದರು. ದಪ್ಪ ಬೆಕ್ಕು ಎರಡು ಮೂರು ದಿನ ಏನೂ ತಿನ್ನದಿದ್ದರೆ ಲಿವರ್‌ನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಅಪಾಯ ಬರಬಹುದು. ಅದಕ್ಕೆ ಮೂರು ವಾರ ತೆಗೆದುಕೊಂಡು ನಿಧಾನಕ್ಕೆ ಇಳಿಸಿದೆವು. ಹಾಲು ನಿಂತಿತು. ದೊಡ್ಡ ಬೆಕ್ಕುಗಳಿಗೆ ಹಾಲು ಸರಿಯಾಗಿ ಜೀರ್ಣವಾಗಲ್ಲ ಅಂತ ಹೇಳಿದಾಗ ಬಾಯಮ್ಮನಿಗೆ ಬೇಜಾರಾಯಿತು, ಈಗ ಅದೇ ಬಟ್ಟಲಲ್ಲಿ ನೀರಿಡುತ್ತಾರೆ.

ಅತ್ತೆಯ ಮೀನು ನಿಲ್ಲಿಸಲು ನನಗೆ ಮನಸ್ಸು ಬರಲಿಲ್ಲ. ಅವರಿಬ್ಬರದ್ದು ಆ ಹನ್ನೊಂದು ಗಂಟೆ. ಅದನ್ನು ಲೆಕ್ಕದೊಳಗೇ ಸೇರಿಸಿದೆ. ಒಂದು ಬೂತಾಯಿ, ಉಪ್ಪು ಖಾರ ಈರುಳ್ಳಿ ಬೆಳ್ಳುಳ್ಳಿ ಯಾವುದೂ ಇಲ್ಲದೆ ಬೇಯಿಸಿ, ಮುಳ್ಳು ತೆಗೆದು. ಉಳಿದದ್ದಕ್ಕೆ 40 ಗ್ರಾಂ ಒಣ ಆಹಾರ, ಬೆಳಗ್ಗೆಯೇ ತೂಗಿ ಒಂದು ಸ್ಟೀಲ್ ಡಬ್ಬಿಗೆ ಹಾಕುತ್ತೇನೆ. ಯಾರು ಕೊಟ್ಟರೂ ಅದರಿಂದಲೇ.

ಪ್ರತಿ ಭಾನುವಾರ ಮಗಳು ಅವನನ್ನು ಎತ್ತಿಕೊಂಡು ತೂಕದ ಮಿಷನ್ ಮೇಲೆ ನಿಂತು, ಆಮೇಲೆ ಒಬ್ಬಳೇ ನಿಂತು, ಕಳೆದು ಬರೆಯುತ್ತಾಳೆ. ಎರಡು ತಿಂಗಳಿಗೆ 5.1 ಆಗಿದೆ. ನಿನ್ನೆ ಸಂಜೆ ಅವನು ಕೂಗಿದಾಗ ಅತ್ತೆ ಡಬ್ಬಿ ತೆಗೆದು ಅಲ್ಲಾಡಿಸಿ, ಕಿವಿಗೊಟ್ಟು, "ರಾತ್ರಿಗೆ ಇಷ್ಟೇ ಉಳಿದದ್ದು ಮಗ," ಅಂತ ನಾಲ್ಕು ಕಾಳು ಅಂಗೈಯಲ್ಲಿ ಹಿಡಿದರು. ಮುದ್ದು ಒಂದೊಂದಾಗಿ ತಿಂದು, ಖಾಲಿ ಅಂಗೈಯನ್ನೂ ತುಂಬಾ ಹೊತ್ತು ನೆಕ್ಕುತ್ತಿದ್ದ.